ಪರದೆ ಮೇಲೆ ಕೊನೆಗೆ ಬದುಕಿ ಉಳಿಯೋರು ಯಾರು?



ಸಿನೆಮಾ ಬಗ್ಗೆ ಬರೆಯೋಕೆ ನಾವು ಪಂಡಿತರಲ್ಲ. ಕ್ಯಾಮೆರಾ ಎಲ್ಲಿಟ್ಟರು, ಬೆಳಕು ಎತ್ತಲಿಂದ ಬಿಟ್ಟರು ಅನ್ನೋದನ್ನ ಹೇಳೋಕೆ ಬೇರೆಯವರಿದ್ದಾರೆ. ನಾವು ನೋಡೋರು ಅಷ್ಟೆ. ನಮ್ಮ ಅಪ್ಪ ಚಿಕ್ಕಪ್ಪಂದಿರು ಟೂರಿಂಗ್ ಟಾಕೀಸಿನ ಮರಳಿನ ಮೇಲೆ ಕೂತು ನೋಡಿದರು, ಪಟ್ಟಣಕ್ಕೆ ಹೋದಾಗ ಗಾಂಧಿ ಕ್ಲಾಸಿನಲ್ಲಿ ಕೂತು ನೋಡಿದರು. ಪರದೆಗೆ ತೀರಾ ಹತ್ತಿರ, ಕತ್ತು ನೋಯುವ ಹಾಗೆ ಮೇಲೆ ನೋಡಬೇಕಾದ, ಎಲ್ಲಕ್ಕಿಂತ ಅಗ್ಗದ ಜಾಗಕ್ಕೆ ಗಾಂಧಿ ಕ್ಲಾಸು ಅಂತ ಯಾರು ಹೆಸರಿಟ್ಟರೋ, ಅವರಿಗೆ ಈ ದೇಶ ಚೆನ್ನಾಗಿ ಗೊತ್ತಿತ್ತು. ನಾವು ಹಾಸ್ಟೆಲ್ಲಿನ ಟಿ.ವಿ. ಮುಂದೆ ಚಾಪೆ ಹಾಸಿಕೊಂಡು, ಒಂದೇ ಮೊಬೈಲಿಗೆ ಐದಾರು ತಲೆ ಸೇರಿಸಿಕೊಂಡು ನೋಡಿದ್ದೇವೆ. ಹಳೆಯದನ್ನೂ ನೋಡಿದ್ದೇವೆ, ಹೊಸದನ್ನೂ ನೋಡಿದ್ದೇವೆ. ಪ್ರಶಸ್ತಿ ಬಂದಿದ್ದನ್ನೂ ನೋಡಿದ್ದೇವೆ, ಶಿಳ್ಳೆ ಹೊಡೆಸಿಕೊಂಡಿದ್ದನ್ನೂ ನೋಡಿದ್ದೇವೆ. ನೋಡಿದ ಮೇಲೆ ಅನ್ನಿಸಿದ್ದನ್ನ ಹೇಳೋ ಹಕ್ಕು ಟಿಕೆಟ್ಟಿನ ಜೊತೆಗೇ ಬರ್ತದೆ ಅಂತ ತಿಳಿದು ಬರೆಯುತ್ತಿದ್ದೇವೆ.

ಸಿನೆಮಾ ಬಿಟ್ಟ ಮೇಲೆ ಜನ ಕೇಳೋದು ಏನು? ಹಾಡು ಹೇಗಿತ್ತು, ಫೈಟು ಹೇಗಿತ್ತು, ಕಾಮಿಡಿ ಇತ್ತಾ. ಇವನ್ನ ನಾವೂ ಕೇಳ್ತೀವಿ. ಆದರೆ ಇವುಗಳ ಜೊತೆ ನಾವು ಇನ್ನೊಂದು ಪ್ರಶ್ನೆ ಸೇರಿಸಿಕೊಂಡಿದ್ದೇವೆ. ಈ ಕತೆಯಲ್ಲಿ ನಮ್ಮ ಕೇರಿಯವನು ಇದ್ದಾನಾ? ಇದ್ದರೆ ಕೊನೆಗೆ ಬದುಕಿರ್ತಾನಾ? ತೀರಾ ಒರಟು ಪ್ರಶ್ನೆ ಅಂತ ಕಲೆ ತಿಳಿದವರು ನಗಬಹುದು. ನಗಲಿ. ಈ ಒರಟು ಪ್ರಶ್ನೆಯನ್ನ ಹಿಡಕೊಂಡು ಸುಮಾರು ತೊಂಬತ್ತು ವರ್ಷದ ಸಿನೆಮಾಗಳ ಮುಂದೆ ನಿಂತರೆ ಏನು ಕಾಣ್ತದೆ, ನೀವೇ ನೋಡಿ.

೧೯೩೬ನೇ ಇಸವಿಯಿಂದ ಶುರು ಮಾಡೋಣ. ಆ ವರ್ಷ ಬಾಂಬೆ ಟಾಕೀಸಿನವರು 'ಅಛೂತ್ ಕನ್ಯಾ' ತೆಗೆದರು. ರೈಲ್ವೆ ಗೇಟು ಕಾಯುವ ಅಸ್ಪೃಶ್ಯನ ಮಗಳು ಕಸ್ತೂರಿ, ಬ್ರಾಹ್ಮಣ ಅಂಗಡಿಯವನ ಮಗ ಪ್ರತಾಪ. ದೇವಿಕಾರಾಣಿ, ಅಶೋಕ್ ಕುಮಾರ್ ಮಾಡಿದ್ದು. ಅವರಿಬ್ಬರ ಪ್ರೀತಿ ಕೂಡಿಬರಲ್ಲ. ಕೊನೆಗೆ ಹೊಡೆದಾಟ ಬಿಡಿಸಲು, ಬರುವ ರೈಲು ನಿಲ್ಲಿಸಲು ಓಡಿದ ಕಸ್ತೂರಿ ಅದೇ ರೈಲಿಗೆ ಸಿಕ್ಕಿ ಸಾಯುತ್ತಾಳೆ. ಅವಳಿಗೆ ಒಂದು ಗುಡಿ ಸಿಗ್ತದೆ, ಪ್ರೀತಿಸಿದವನು ಸಿಗಲ್ಲ, ಬದುಕು ಸಿಗಲ್ಲ. ಅದೇ ೧೯೩೬ರಲ್ಲಿ ದೂರದ ಅಮೆರಿಕದಲ್ಲಿ ಚಾರ್ಲಿ ಚಾಪ್ಲಿನ್ 'ಮಾಡರ್ನ್ ಟೈಮ್ಸ್' ಮಾಡಿದ. ಅವನೂ ಕೂಲಿ, ಹಸಿದವನು, ಜೈಲಿಗೆ ಹೋಗಿ ಬಂದವನು. ಯಂತ್ರದ ಹಲ್ಲಿನ ಒಳಗೆ ಹೋಗಿ ಹೊರಗೆ ಬಂದವನು. ಆದರೆ ಕೊನೆಗೆ ಅವನು ಸಾಯಲ್ಲ. ದಿಕ್ಕಿಲ್ಲದ ಹುಡುಗಿಯ ಕೈ ಹಿಡಿದು ರಸ್ತೆ ಉದ್ದಕ್ಕೂ ನಡೆದು ಹೋಗ್ತಾನೆ. ಮುಂದೆ ಏನಿದೆಯೋ ಗೊತ್ತಿಲ್ಲ, ನಡೆಯೋದು ಮಾತ್ರ ಗೊತ್ತು. ಅದೇ ೧೯೩೬ರಲ್ಲೇ ಬಾಬಾಸಾಹೇಬರು ಲಾಹೋರಿನಲ್ಲಿ ಮಾಡಲು ಬಿಡದ ಭಾಷಣವನ್ನ 'ಜಾತಿ ವಿನಾಶ' ಅಂತ ತಾವೇ ಅಚ್ಚು ಹಾಕಿಸಿದರು. ಒಂದೇ ವರ್ಷ. ಬಾಬಾಸಾಹೇಬರು ಜಾತಿ ಸಾಯಬೇಕು ಅಂದರು. ನಮ್ಮ ದೇಶದ ಸಿನೆಮಾ ಜಾತಿಯನ್ನ ಬಿಟ್ಟು ಹುಡುಗಿಯನ್ನ ಸಾಯಿಸಿತು.

ಇಪ್ಪತ್ತಮೂರು ವರ್ಷ ಕಳೆದು ೧೯೫೯ರಲ್ಲಿ ಬಿಮಲ್ ರಾಯ್ 'ಸುಜಾತಾ' ತೆಗೆದರು. ನೂತನ್ ಅವರ ಮುಖ ನೋಡ್ತಾ ಇದ್ದರೆ ಎದೆ ಹಿಂಡ್ತದೆ, ಅದರಲ್ಲಿ ಎರಡು ಮಾತಿಲ್ಲ. ಇಲ್ಲಿ ಹುಡುಗಿ ಸಾಯಲ್ಲ. ಆದರೆ ಸಾಕಿದ ತಾಯಿ ಅವಳನ್ನ ಮಗಳು ಅಂತ ಒಪ್ಪೋದು ಯಾವಾಗ? ತಾಯಿ ಮೆಟ್ಟಿಲಿಂದ ಬಿದ್ದು, ಆಸ್ಪತ್ರೆಯಲ್ಲಿ ರಕ್ತ ಬೇಕಾಗಿ, ಮನೆಯ ಯಾರ ರಕ್ತವೂ ಹೊಂದದೆ, ಸುಜಾತಳ ರಕ್ತ ಹೊಂದಿದ ಮೇಲೆ. ಅಂದರೆ ಮಗಳು ಅನ್ನಿಸಿಕೊಳ್ಳೋಕೆ ಸುಜಾತ ಬಾಟಲಿ ತುಂಬ ರಕ್ತ ಕೊಡಬೇಕು. ಅದೇ ಮನೆಯಲ್ಲಿ ಹುಟ್ಟಿದ ಹುಡುಗಿ ಏನೂ ಕೊಡಬೇಕಾಗಿಲ್ಲ. ನಾವು ಮನುಷ್ಯರು ಅಂತ ತೋರಿಸಿಕೊಳ್ಳೋಕೆ ಎಷ್ಟು ಬಾಟಲಿ ಆಗಬೇಕು ಸ್ವಾಮಿ?

ಈಗ ನಮ್ಮ ಮನೆ ಬಾಗಿಲಿಗೆ ಬರೋಣ. 'ಚೋಮನ ದುಡಿ'. ಕಾರಂತರ ಕಾದಂಬರಿ ೧೯೩೩ರದ್ದು. ಬಿ.ವಿ. ಕಾರಂತರ ಸಿನೆಮಾ ೧೯೭೫ರದ್ದು. ದೇಶದ ಅತ್ಯುತ್ತಮ ಚಿತ್ರ ಅಂತ ಸ್ವರ್ಣಕಮಲ ಬಂತು, ಚೋಮನಾಗಿದ್ದ ವಾಸುದೇವರಾಯರಿಗೆ ಅತ್ಯುತ್ತಮ ನಟ ಪ್ರಶಸ್ತಿ ಬಂತು. ಬರಲೇಬೇಕಿತ್ತು. ಆ ಮುದುಕ ದುಡಿ ಬಾರಿಸೋದನ್ನ ನೋಡಿದರೆ ನಮ್ಮ ತಾತ ಎದ್ದು ಬಂದ ಹಾಗೆ ಆಗ್ತದೆ. ನಾವು ಈ ಚಿತ್ರವನ್ನ ಬೇಡ ಅನ್ನೋರಲ್ಲ. ಹಾಸ್ಟೆಲ್ಲಿನ ಪ್ರತಿಯೊಬ್ಬನೂ ನೋಡಬೇಕು ಅನ್ನೋರು. ಆದರೆ ಪ್ರೀತಿ ಇದ್ದ ಕಡೆ ಜಗಳವೂ ಇರ್ತದೆ. ಚೋಮನಿಗೆ ಬೇಕಿದ್ದು ಒಂದು ತುಂಡು ನೆಲ, ಸ್ವಂತ ಬೇಸಾಯ. ಧಣಿ ಸಂಕಪ್ಪಯ್ಯನಿಗೆ ಕೊಡೋ ಮನಸ್ಸಿದ್ದರೂ ಅವನ ತಾಯಿ ಬಿಡಲ್ಲ, ಹೊಲೆಯ ಬೇಸಾಯ ಮಾಡೋದುಂಟೇ ಅಂತಾಳೆ. ಸಾಲ ತೀರಿಸಲು ಮಕ್ಕಳು ಕಾಫಿ ತೋಟಕ್ಕೆ ಹೋಗ್ತಾರೆ. ಒಬ್ಬ ಜ್ವರದಲ್ಲಿ ಹೋಗ್ತಾನೆ. ಒಬ್ಬ ನೀರಿನಲ್ಲಿ ಮುಳುಗ್ತಾನೆ, ಮುಟ್ಟಿದರೆ ಮೈಲಿಗೆ ಅಂತ ದಡದಲ್ಲಿ ನಿಂತವರು ಎತ್ತಲ್ಲ. ಮಗಳು ಬೆಳ್ಳಿಯನ್ನ ತೋಟದ ರೈಟರು ಬಳಸಿಕೊಳ್ತಾನೆ. ಕೊನೆಗೆ ಚೋಮ ಎತ್ತುಗಳನ್ನ ಕಾಡಿಗೆ ಅಟ್ಟಿ, ನೇಗಿಲು ಮುರಿದು, ಗುಡಿಸಲ ಬಾಗಿಲು ಹಾಕಿಕೊಂಡು, ದುಡಿ ಬಾರಿಸ್ತಾ ಬಾರಿಸ್ತಾ ಸಾಯ್ತಾನೆ.

ಇದರಲ್ಲಿ ಒಂದೂ ಸುಳ್ಳಿಲ್ಲ. ಹೀಗೆ ಸತ್ತವರು ಎಷ್ಟೋ ಜನ. ನಮ್ಮ ತಕರಾರು ಬೇರೆ. ಆ ಚಿತ್ರದಲ್ಲಿ ಚೋಮ ಒಂಟಿ. ಅವನ ನೋವಿಗೆ ಜೊತೆ ನಿಲ್ಲುವ ಕೇರಿ ಇಲ್ಲ. "ಯಾಕೆ ಕೊಡಲ್ಲ?" ಅಂತ ಅಂಗಳದಲ್ಲಿ ನಿಂತು ಕೇಳುವ ಒಬ್ಬ ಹುಡುಗ ಇಲ್ಲ. ಕಾದಂಬರಿ ಬರೋಕೆ ಆರು ವರ್ಷ ಮುಂಚೆ, ೧೯೨೭ರಲ್ಲಿ, ಮಹಾಡಿನ ಚೌಡಾರ್ ಕೆರೆಗೆ ನಮ್ಮ ಜನ ಸಾವಿರ ಸಾವಿರ ನಡೆದು ಹೋಗಿ ನೀರು ಕುಡಿದಿದ್ದರು. ಸಿನೆಮಾ ಬಂದ ೧೯೭೫ರ ಹೊತ್ತಿಗೆ ಕರ್ನಾಟಕದ ಹಾಸ್ಟೆಲ್ಲುಗಳಲ್ಲಿ ಹುಡುಗರು ಎದ್ದು ನಿಂತಿದ್ದರು. ೧೯೭೩ರಲ್ಲಿ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬೂಸಾ ಇದೆ ಅಂದಿದ್ದಕ್ಕೆ ಊರೂರಲ್ಲಿ ಗಲಾಟೆಯಾಗಿ ಅವರ ಮಂತ್ರಿ ಪದವಿಯೇ ಹೋಗಿತ್ತು. ಇಷ್ಟೆಲ್ಲ ಆಗುತ್ತಿದ್ದಾಗ ಪರದೆ ಮೇಲೆ ನಾವು ದುಡಿ ಬಾರಿಸ್ತಾ ಸಾಯ್ತಾ ಇದ್ದೆವು. ನೋಡಿದವರು ಕಣ್ಣೊರೆಸಿಕೊಂಡು ಮನೆಗೆ ಹೋದರು. ಅವರ ತೋಟದ ಒಂದು ಅಡಿ ಬೇಲಿಯೂ ಹಿಂದೆ ಸರಿಯಲಿಲ್ಲ.

ಸತ್ಯಜಿತ್ ರಾಯ್ ದೂರದರ್ಶನಕ್ಕೆ ಮಾಡಿದ 'ಸದ್ಗತಿ' (೧೯೮೧) ಇನ್ನೂ ಕಠಿಣ. ಪ್ರೇಮಚಂದರ ಕತೆ. ದುಖಿ ತನ್ನ ಮಗಳ ಮದುವೆ ಮಾತಿಗೆ ಮುಹೂರ್ತ ಕೇಳಲು ಬ್ರಾಹ್ಮಣನ ಮನೆಗೆ ಹೋಗ್ತಾನೆ. ಮೈಯಲ್ಲಿ ಜ್ವರ, ಹೊಟ್ಟೆಯಲ್ಲಿ ಏನಿಲ್ಲ. ಬಿಟ್ಟಿ ಕೆಲಸಕ್ಕೆ ಹಚ್ಚಿ ಗಂಟುಮರ ಸೀಳು ಅಂತಾರೆ. ಸೀಳ್ತಾ ಸೀಳ್ತಾ ಸಾಯ್ತಾನೆ. ಹೆಣ ಮುಟ್ಟೋಕಾಗದೆ ಬ್ರಾಹ್ಮಣ ಕಾಲಿಗೆ ಹಗ್ಗ ಬಿಗಿದು ಎಳೆದುಕೊಂಡು ಹೋಗ್ತಾನೆ. ಓಂ ಪುರಿ ಆ ಮರಕ್ಕೆ ಕೊಡಲಿ ಹಾಕುವ ಸಿಟ್ಟು ಇದೆಯಲ್ಲ, ಅದೊಂದೇ ನಮ್ಮನ್ನ ಎಚ್ಚರವಾಗಿಡೋದು. ಆ ಸಿಟ್ಟು ಮರದ ಮೇಲೆ ಬೀಳ್ತದೆ, ಪಕ್ಕದಲ್ಲಿ ಉಂಡು ಮಲಗಿದವನ ಮೇಲೆ ಬೀಳಲ್ಲ. ರಾಯ್ ಇದನ್ನ ಮರೆಮಾಚಲಿಲ್ಲ. ಅಳಿಸೋಕೆ ಸಂಗೀತ ಸುರಿಯಲಿಲ್ಲ. ಅದಕ್ಕೇ ಇದು ಉಳಿದ ಕನಿಕರದ ಚಿತ್ರಗಳಿಗಿಂತ ಮೇಲು ಅಂತ ನಮ್ಮ ಅಭಿಪ್ರಾಯ. ಆದರೂ ನಮ್ಮ ಪ್ರಶ್ನೆಗೆ ಉತ್ತರ ಅದೇ: ಸತ್ತ.

'ಸಂಸ್ಕಾರ' (೧೯೭೦) ಬಗ್ಗೆ ಒಂದು ಮಾತು. ಕನ್ನಡಕ್ಕೆ ಮೊದಲ ಸ್ವರ್ಣಕಮಲ ತಂದ ಚಿತ್ರ. ಮೊದಲು ಸೆನ್ಸಾರಿನವರು ತಡೆಹಿಡಿದಿದ್ದರು. ಅಗ್ರಹಾರದ ಹೆಣ ಕೊಳೆಯುತ್ತಾ ಬಿದ್ದಿದೆ, ಬ್ರಾಹ್ಮಣರು ಸಂಸ್ಕಾರ ಮಾಡೋರು ಯಾರು ಅಂತ ಶಾಸ್ತ್ರ ತಿರುವಿಹಾಕ್ತಾ ಇದ್ದಾರೆ. ಅಗ್ರಹಾರದ ಒಳಗಿನ ಕೊಳೆತವನ್ನ ಒಳಗಿನವರೇ ತೆಗೆದು ತೋರಿಸಿದ್ದು ದೊಡ್ಡ ಕೆಲಸ, ಒಪ್ತೀವಿ. ಆದರೆ ನೋಡಿ, ಅಷ್ಟು ಜನ ಪಂಡಿತರಿಗೆ ಆಗದ ಕೆಲಸವನ್ನ ಮಾಡಿದ್ದು ಯಾರು? ಚಂದ್ರಿ. ಜಾತಿ ಕೆಟ್ಟವಳು ಅಂತ ಎಲ್ಲರೂ ದೂರವಿಟ್ಟವಳು. ಒಬ್ಬ ಮುಸಲ್ಮಾನನ ಸಹಾಯ ತಗೊಂಡು, ರಾತ್ರೋರಾತ್ರಿ ಹೆಣ ಸುಟ್ಟು, ಸದ್ದಿಲ್ಲದೆ ಊರು ಬಿಟ್ಟು ಹೋಗ್ತಾಳೆ. ಕ್ಯಾಮೆರಾ ಅವಳ ಹಿಂದೆ ಹೋಗಲ್ಲ. ಆಚಾರ್ಯರ ಹಿಂದೆ ಹೋಗ್ತದೆ, ಅವರ ಮನಸ್ಸಿನ ತೊಳಲಾಟದ ಹಿಂದೆ ಹೋಗ್ತದೆ. ಚಂದ್ರಿ ಎಲ್ಲಿಗೆ ಹೋದಳು, ಏನು ತಿಂದಳು, ಯಾರ ಮನೆ ಬಾಗಿಲು ತಟ್ಟಿದಳು? ಆ ಸಿನೆಮಾವನ್ನ ಇನ್ನೂ ಯಾರೂ ತೆಗೆದಿಲ್ಲ.

ಪ್ರಶಸ್ತಿ ಚಿತ್ರಗಳ ಮಾತು ಸಾಕು. ನಮ್ಮ ಕೇರಿಯಲ್ಲಿ ಅವನ್ನ ನೋಡಿದವರು ಕಡಿಮೆ. ನಮ್ಮ ಅಪ್ಪಂದಿರು ಗಾಡಿ ಕಟ್ಟಿಕೊಂಡು ಹೋಗಿ ನೋಡಿದ್ದು 'ಬಂಗಾರದ ಮನುಷ್ಯ' (೧೯೭೨). ಬೆಂಗಳೂರಿನಲ್ಲಿ ಎರಡು ವರ್ಷ ಓಡಿದ ಚಿತ್ರ ಅದು. ರಾಜಕುಮಾರ್ ಅಂದರೆ ನಮ್ಮ ಮನೆಯವರೇ ಅನ್ನೋ ಹಾಗೆ ನಮ್ಮ ಜನ ಪ್ರೀತಿಸಿದರು, ನಾವೂ ಪ್ರೀತಿಸ್ತೀವಿ. ರಾಜೀವ ಊಟಕ್ಕೆ ಕೂತಾಗ ಅಕ್ಕನ ಮಗ ಆಡಬಾರದ ಮಾತು ಆಡ್ತಾನೆ, ರಾಜೀವ ತುತ್ತು ಬಿಟ್ಟು ಎದ್ದು ಹೋಗ್ತಾನೆ. ಆ ಜಾಗದಲ್ಲಿ ಅಳದವನು ಮನುಷ್ಯನಲ್ಲ. ತಟ್ಟೆ ಮುಂದೆ ಅವಮಾನ ಅಂದರೆ ಏನು ಅಂತ ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಆದರೆ ಅದೇ ಚಿತ್ರದಲ್ಲಿ ಕಲ್ಲುಬಂಡೆಯ ಬರಡು ನೆಲ ಒಡೆದು ಹಸಿರು ಹೊಲ ಮಾಡ್ತಾನಲ್ಲ ರಾಜೀವ, ಅದನ್ನ ನೋಡಿದಾಗ ನಮಗೆ ಚೋಮ ನೆನಪಾಗ್ತಾನೆ. ಮೂರು ವರ್ಷದ ಅಂತರದಲ್ಲಿ ಬಂದ ಎರಡು ಚಿತ್ರ. ಇಬ್ಬರಿಗೂ ಬೇಕಿದ್ದು ನೆಲವೇ. ರಾಜೀವನಿಗೆ ಮನಸ್ಸು ಮಾಡಿದರೆ ಸಾಕು, ನೆಲ ಸಿಗ್ತದೆ. ಚೋಮನಿಗೆ ಜೀವ ಬಿಟ್ಟರೂ ಸಿಗಲ್ಲ. ಮನಸ್ಸಿದ್ದರೆ ಮಾರ್ಗ ಅಂತ ಮೇಷ್ಟ್ರು ಕ್ಲಾಸಿನಲ್ಲಿ ಹೇಳಿಕೊಟ್ಟ ಗಾದೆ ಚೋಮನ ಕೇರಿಗೆ ಯಾಕೆ ನಡೆಯಲ್ಲ? ನಮ್ಮ ಊರುಗಳಲ್ಲಿ ಬಂಡೆ ಒಡೆಯೋರು, ಬಾವಿ ತೋಡೋರು, ಮಣ್ಣು ಹೊರೋರು ಯಾರು ಅಂತ ಎಲ್ಲರಿಗೂ ಗೊತ್ತು. ಹೊಲ ಹಸಿರಾದ ಮೇಲೆ ಬಂಗಾರದ ಮನುಷ್ಯ ಅನ್ನೋ ಹೆಸರು ಅವರಿಗೆ ಬರೋದಿಲ್ಲ.

ನೆಲದ ಪ್ರಶ್ನೆ ಇವತ್ತಿನ ಸಿನೆಮಾದಲ್ಲೂ ಇದೆ. ೨೦೨೩ರ ಕೊನೆಗೆ ಬಂದ 'ಕಾಟೇರ' ಎಪ್ಪತ್ತರ ದಶಕದ ಕತೆ ಹೇಳ್ತದೆ, ಉಳುವವನೇ ಹೊಲದೊಡೆಯ ಅನ್ನೋ ಕಾನೂನಿನ ಕಾಲದ ಕತೆ. ಕಮರ್ಷಿಯಲ್ ಚಿತ್ರ ಭೂಸುಧಾರಣೆ ಬಗ್ಗೆ ಮಾತಾಡಿದ್ದು ಒಳ್ಳೇದೇ. ಶಿಳ್ಳೆ ಹೊಡೆದೆವು. ಆದರೆ ಶಿಳ್ಳೆ ನಿಂತ ಮೇಲೆ ಇದನ್ನ ಯೋಚಿಸಬೇಕು. ದೇವರಾಜ ಅರಸರ ೧೯೭೪ರ ಕಾನೂನು ಗೇಣಿದಾರನಿಗೆ ನೆಲ ಕೊಟ್ಟಿತು. ಗೇಣಿ ಮಾಡ್ತಿದ್ದೆ ಅಂತ ತೋರಿಸೋಕೆ ಸಾಕ್ಷಿ ಬೇಕಿತ್ತು. ಗೇಣಿಯೇ ಇಲ್ಲದೆ ಧಣಿಯ ಹೊಲದಲ್ಲಿ ಜೀತಕ್ಕೆ, ಕೂಲಿಗೆ ಇದ್ದವನಿಗೆ ಆ ಕಾನೂನಿನಲ್ಲಿ ಜಾಗ ಬಹಳ ಕಡಿಮೆ. ಚೋಮ ಗೇಣಿದಾರನಲ್ಲ, ಮೂಲದ ಆಳು. ಅವನು ೧೯೭೪ರ ತನಕ ಬದುಕಿ ಟ್ರಿಬ್ಯುನಲ್ ಮುಂದೆ ಅರ್ಜಿ ಹಿಡಕೊಂಡು ನಿಂತಿದ್ದರೂ ನೆಲ ಸಿಗೋದು ಅನುಮಾನ. ಜೀತ ಪದ್ಧತಿ ರದ್ದು ಮಾಡುವ ದೇಶದ ಕಾನೂನು ಬಂದಿದ್ದೇ ೧೯೭೬ರಲ್ಲಿ. ಈ ಕತೆಯನ್ನ ಯಾವ ಹೀರೊನೂ ಇನ್ನೂ ಹೇಳಿಲ್ಲ.

'ಕಾಂತಾರ' (೨೦೨೨) ನೋಡಿ ನಮ್ಮ ಹಾಸ್ಟೆಲ್ಲಿನಲ್ಲಿ ದೊಡ್ಡ ಜಗಳವೇ ಆಯಿತು. ಕೊನೆಯ ಇಪ್ಪತ್ತು ನಿಮಿಷ ಮೈ ಜುಮ್ಮೆನ್ನಿಸ್ತದೆ, ಅದನ್ನ ಯಾರೂ ಅಲ್ಲಗಳೆಯಲಿಲ್ಲ. ತುಳುನಾಡಿನಲ್ಲಿ ದೈವ ಕಟ್ಟುವವರು ಪಂಬದರು, ನಲಿಕೆಯವರು, ಪರವರು. ದೈವ ಮೈಮೇಲೆ ಇರುವ ತನಕ ಧಣಿಯೂ ಕೈಮುಗಿದು ನಿಲ್ತಾನೆ. ಬಣ್ಣ ತೊಳೆದ ಮೇಲೆ ಅವನೇ ಅಂಗಳದ ಹೊರಗೆ ನಿಲ್ಲಬೇಕು. ಈ ಸತ್ಯ ಚಿತ್ರದಲ್ಲಿ ಅಲ್ಲಲ್ಲಿ ಇಣುಕ್ತದೆ. ಧಣಿ ನೆಲ ಹೊಡೆಯೋಕೆ ಮಾಡುವ ಮೋಸವೂ ಇದೆ. ಆದರೆ ನ್ಯಾಯ ಸಿಗೋದು ಹೇಗೆ? ದೈವ ಬಂದು ಧಣಿಯನ್ನ ಕೊಲ್ತದೆ. ಕೊನೆಗೆ ಅರಣ್ಯದ ಅಧಿಕಾರಿ ಕೈ, ಊರವರ ಕೈ ಸೇರಿಸಿ ದೈವ ಕಟ್ಟಿದವನು ಕಾಡಿನಲ್ಲಿ ಮಾಯವಾಗ್ತಾನೆ. ಆ ಸೇರಿದ ಕೈಗಳಲ್ಲಿ ಹಕ್ಕುಪತ್ರ ಇದೆಯಾ ಅಂತ ನಮ್ಮ ಒಬ್ಬ ಗೆಳೆಯ ಕೇಳಿದ. ಯಾರ ಹತ್ತಿರವೂ ಉತ್ತರ ಇರಲಿಲ್ಲ. ಚೋಮನ ಕಾಲಕ್ಕೆ ಧಣಿಯ ತಾಯಿ ನೆಲ ಕೊಡಬೇಡ ಅಂದಳು, ಈಗ ದೈವ ಕೊಡಿಸ್ತದೆ. ತಹಶೀಲ್ದಾರ ಕಚೇರಿಯ ಕಡತ ಮಾತ್ರ ಎರಡು ಕಡೆಯೂ ಕಾಣಲ್ಲ.

ಈಗ ಕಲ್ಲಿನ ಮಾತು. ಭಾರತದ ಸಿನೆಮಾದಲ್ಲಿ ಮೂರು ಕಲ್ಲು ಬಿದ್ದಿವೆ, ಮೂರನ್ನೂ ನೆನಪಿಡಬೇಕು. ಮೊದಲನೆಯದು ೧೯೩೦ರ ಹೊತ್ತಿಗೆ ತಿರುವನಂತಪುರದಲ್ಲಿ ತೆರೆಕಂಡ ಮಲಯಾಳದ ಮೊದಲ ಸಿನೆಮಾ 'ವಿಗತಕುಮಾರನ್'. ಜೆ.ಸಿ. ಡೇನಿಯಲ್ ತೆಗೆದದ್ದು. ನಾಯಕಿ ಪಿ.ಕೆ. ರೋಸಿ, ನಮ್ಮ ಹೆಣ್ಣುಮಗಳು. ನಾಯರ್ ಹೆಂಗಸಿನ ಪಾತ್ರ ಮಾಡಿದಳು. ಹೊಲೆಯರ ಹುಡುಗಿ ನಾಯರ್ ಹೆಂಗಸಾಗಿ ಕಾಣೋದೇ ಅಂತ ಮೇಲುಜಾತಿಯವರು ಪರದೆಗೇ ಕಲ್ಲು ತೂರಿದರು. ರೋಸಿ ಊರು ಬಿಟ್ಟು ಓಡಿದಳು. ಆ ಚಿತ್ರದ ಪ್ರತಿ ಇವತ್ತು ಉಳಿದಿಲ್ಲ. ನಮ್ಮವಳೊಬ್ಬಳು ನಾಯಕಿಯಾದ ಮೊದಲ ಮಲಯಾಳ ಸಿನೆಮಾವನ್ನ ನಾವು ಎಂದೂ ನೋಡೋಕಾಗಲ್ಲ. ಎರಡನೆಯದು ೧೯೭೪ರ ಶ್ಯಾಮ್ ಬೆನೆಗಲ್ ಅವರ 'ಅಂಕುರ್'. ಧಣಿಯ ಮಗನಾಗಿ ನಮ್ಮ ಅನಂತನಾಗ್ ಇದ್ದಾರೆ. ತನ್ನ ಮನೆಯ ಕೆಲಸದವಳ ಹೊಟ್ಟೆಗೆ ಮಗು ಕೊಟ್ಟು, ಕೊನೆಗೆ ಅವಳ ಮೂಗ ಗಂಡನನ್ನೇ ಚಾಟಿಯಲ್ಲಿ ಹೊಡೀತಾನೆ. ಎಲ್ಲ ಮುಗಿದ ಮೇಲೆ ಒಬ್ಬ ಪುಟ್ಟ ಹುಡುಗ ಧಣಿಯ ಕಿಟಕಿಗೆ ಕಲ್ಲು ಹೊಡೆದು ಓಡಿಹೋಗ್ತಾನೆ. ಗಾಜು ಒಡೆಯುತ್ತೆ.

ಮೂರನೆಯದು ೨೦೧೩ರ 'ಫ್ಯಾಂಡ್ರಿ'. ನಾಗರಾಜ ಮಂಜುಳೆ ತೆಗೆದದ್ದು, ಮರಾಠಿ. ಹಂದಿ ಹಿಡಿಯುವ ಮನೆಯ ಹುಡುಗ ಜಬ್ಯಾ. ಶಾಲೆಗೆ ಹೋಗ್ತಾನೆ, ಮೇಲುಜಾತಿಯ ಹುಡುಗಿಯನ್ನ ಕದ್ದು ನೋಡ್ತಾನೆ, ಜೀನ್ಸ್ ಪ್ಯಾಂಟಿಗೆ ಆಸೆ ಪಡ್ತಾನೆ. ನಮ್ಮಲ್ಲಿ ಯಾರಿಗೆ ಈ ಆಸೆ ಇರಲಿಲ್ಲ ಹೇಳಿ? ಊರವರ ಮುಂದೆ, ಆ ಹುಡುಗಿಯ ಮುಂದೆಯೇ ಹಂದಿ ಅಟ್ಟಿಸಿಕೊಂಡು ಹೋಗಬೇಕಾಗ್ತದೆ. ಹಂದಿ ಇನ್ನೇನು ಸಿಕ್ಕಿತು ಅನ್ನೋ ಹೊತ್ತಿಗೆ ಶಾಲೆಯಲ್ಲಿ ರಾಷ್ಟ್ರಗೀತೆ ಶುರುವಾಗ್ತದೆ, ಅಪ್ಪ ಅವ್ವ ಮಕ್ಕಳು ಇದ್ದ ಹಾಗೇ ನೆಟ್ಟಗೆ ನಿಲ್ತಾರೆ, ಹಂದಿ ತಪ್ಪಿಸಿಕೊಳ್ತದೆ. ಆಮೇಲೆ ಹಂದಿ ಹೊತ್ತುಕೊಂಡು ಶಾಲೆಯ ಗೋಡೆ ಪಕ್ಕ ಹೋಗ್ತಾರೆ, ಗೋಡೆಯ ಮೇಲೆ ಬಾಬಾಸಾಹೇಬರು, ಸಾವಿತ್ರಿಬಾಯಿ ಫುಲೆ ನೋಡ್ತಾ ಇದ್ದಾರೆ. ಕೊನೆಗೆ ಅಣಕಿಸಿದವನ ಕಡೆ ಜಬ್ಯಾ ಕಲ್ಲು ಬೀಸ್ತಾನೆ. ಆ ಕಲ್ಲು ನೇರ ಕ್ಯಾಮೆರಾ ಕಡೆ, ನೋಡ್ತಾ ಕೂತ ನಮ್ಮ ಕಡೆಗೇ ಬರ್ತದೆ. ಮೊದಲ ಕಲ್ಲನ್ನ ಅವರು ನಮ್ಮ ಮುಖಕ್ಕೆ ಹೊಡೆದರು. ಎರಡನೆಯದು ಕಿಟಕಿಗೆ ಬಿತ್ತು. ಮೂರನೆಯದು ಪರದೆ ಒಳಗಿಂದ ಹೊರಗೆ ಬಂತು. ನಮ್ಮ ಪ್ರಶ್ನೆಗೆ ಜಬ್ಯಾ ಉತ್ತರ ಕೊಟ್ಟಿದ್ದಾನೆ: ಬದುಕಿದ್ದೇನೆ.

ಇದಾದ ಮೇಲೆ ತಮಿಳಿನ ಕಡೆ ತಿರುಗಿ ನೋಡಿ. ಮಾರಿ ಸೆಲ್ವರಾಜ್ ಅವರ 'ಪರಿಯೇರುಂ ಪೆರುಮಾಳ್' (೨೦೧೮). ತಿರುನೆಲ್ವೇಲಿಯ ಲಾ ಕಾಲೇಜಿಗೆ ಸೇರುವ ಹಳ್ಳಿ ಹುಡುಗ. ಇಂಗ್ಲಿಷಿನಲ್ಲಿ ಪಾಠ ನಡೆದರೆ ಅವನಿಗೆ ಒಂದಕ್ಷರ ತಲೆಗೆ ಹೋಗಲ್ಲ. ಹಳ್ಳಿಯಿಂದ ಬಂದು ಕೊನೇ ಬೆಂಚಿನಲ್ಲಿ ಕೂತು, ನೋಟ್ಸು ಬರೆಯೋ ಹಾಗೆ ನಟಿಸಿದ ಪ್ರತಿಯೊಬ್ಬನಿಗೂ ಈ ಚಿತ್ರ ಅರ್ಥವಾಗ್ತದೆ. ಅವನ ಅಪ್ಪ ಹೆಣ್ಣುವೇಷ ಕಟ್ಟಿ ಕುಣಿಯುವವನು. ಕಾಲೇಜಿಗೆ ಬಂದ ಅಪ್ಪನ ಬಟ್ಟೆ ಕಿತ್ತು ಓಡಿಸ್ತಾರೆ. ಪರಿಯನ್‌ಗೆ ಹೊಡೀತಾರೆ, ಮೈಮೇಲೆ ಉಚ್ಚೆ ಹೊಯ್ತಾರೆ, ರೈಲು ಹಳಿಯ ಮೇಲೆ ಕೊಲ್ಲೋಕೆ ನೋಡ್ತಾರೆ. 'ಅಛೂತ್ ಕನ್ಯಾ'ದಲ್ಲಿ ಕಸ್ತೂರಿ ಸತ್ತಿದ್ದು ಇಂಥದ್ದೇ ಹಳಿಯ ಮೇಲೆ. ಎಂಬತ್ತೆರಡು ವರ್ಷ ಆದ ಮೇಲೆ ಪರಿಯನ್ ಆ ಹಳಿಯಿಂದ ಎದ್ದು ಬರ್ತಾನೆ. ಎದ್ದು ಬಂದು ಕತ್ತಿ ಹಿಡಿಯಲ್ಲ. ಹುಡುಗಿಯ ಅಪ್ಪನ ಎದುರಿಗೆ ಕಾಲೇಜಿನಲ್ಲಿ ನಿಂತು ಮಾತಾಡ್ತಾನೆ. ನೀವು ಬದಲಾಗದೆ ಇದ್ದರೆ, ನಾನು ನಾಯಿ ಹಾಗೇ ಇರಬೇಕು ಅಂತ ಬಯಸಿದರೆ ಏನೂ ಬದಲಾಗಲ್ಲ ಅನ್ನೋ ಅರ್ಥದ ಮಾತು. ಕೊನೆಗೆ ಪಕ್ಕಪಕ್ಕದಲ್ಲಿ ಎರಡು ಟೀ ಲೋಟ. ಹೋಟೆಲಿನಲ್ಲಿ ಬೇರೆ ಲೋಟ ಕಂಡವರಿಗೆ ಆ ಚಿತ್ರ ಏನು ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಅದೇ ಮಾರಿ ಸೆಲ್ವರಾಜ್ 'ಕರ್ಣನ್' (೨೦೨೧) ಮಾಡಿದರು. ಊರಿಗೆ ಬಸ್ ಸ್ಟಾಪ್ ಇಲ್ಲ, ಬಸ್ಸು ನಿಲ್ಲಲ್ಲ, ಅದೇ ಕತೆ. ಬಸ್ಸು ನಿಲ್ಲದಿರೋದು ಒಂದು ಸಿನೆಮಾಕ್ಕೆ ಸಾಕಾಗುವಷ್ಟು ದೊಡ್ಡ ವಿಷಯ ಅಂತ ನಮಗೆ ತೋರಿಸಿಕೊಟ್ಟವರು ಅವರು. ಪಾ. ರಂಜಿತ್ 'ಕಾಲಾ' (೨೦೧೮) ಮಾಡಿ, ರಜನೀಕಾಂತ್ ಅಂಥ ನಟನ ಬಾಯಲ್ಲಿ ನೆಲ ನಮ್ಮ ಹಕ್ಕು ಅನ್ನಿಸಿದರು. ಧಾರಾವಿಯ ಕೊಳಗೇರಿ ಕಪ್ಪು, ಕೆಂಪು, ನೀಲಿ ಬಣ್ಣದಲ್ಲಿ ಏಳೋದನ್ನ ತೋರಿಸಿದರು. 'ಜೈ ಭೀಮ್' (೨೦೨೧) ಬಗ್ಗೆ ನಮ್ಮಲ್ಲಿ ಎರಡು ಅಭಿಪ್ರಾಯ ಇವೆ. ಇರುಳರ ಹೆಂಗಸು ಸೆಂಗೇಣಿ, ಲಾಕಪ್ಪಿನಲ್ಲಿ ಗಂಡನನ್ನ ಕಳಕೊಂಡವಳು, ರಾಜಿಗೆ ಕೊಡಲು ಬಂದ ದುಡ್ಡಿಗೆ ಬಗ್ಗದೆ ನಿಲ್ಲೋದು ದೊಡ್ಡದು. ಆದರೆ ಕತೆ ಹೆಚ್ಚು ಹೊತ್ತು ವಕೀಲರ ಹಿಂದೆ ಸುತ್ತುತ್ತೆ. ಕಾಪಾಡೋರು ಹೊರಗಿಂದ ಬರಬೇಕು ಅನ್ನೋ ಹಳೇ ಅಭ್ಯಾಸ ಇದು. ಆದರೂ ಕೊನೆಯಲ್ಲಿ ಪುಟ್ಟ ಹುಡುಗಿ ವಕೀಲರ ಮುಂದೆ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಪೇಪರ್ ಓದ್ತಾಳೆ. ಅದೊಂದು ನೋಟಕ್ಕೆ ನಾವು ಉಳಿದಿದ್ದನ್ನೆಲ್ಲ ಬಿಟ್ಟುಕೊಡ್ತೀವಿ.

ನಮ್ಮವರು ಮಾಡಿದ್ದೆಲ್ಲ ಬಂಗಾರ ಅಂತ ನಾವು ಹೇಳ್ತಿಲ್ಲ. ಹೊಸ ಚಿತ್ರಗಳಲ್ಲೂ ಹೀರೊ ಅಂದರೆ ಗಂಡು. 'ಪರಿಯೇರುಂ ಪೆರುಮಾಳ್'ನ ಹುಡುಗಿಗೆ ತನ್ನ ಸುತ್ತ ಏನಾಗ್ತಿದೆ ಅಂತ ಕೊನೇ ತನಕ ಗೊತ್ತಾಗಲ್ಲ. 'ಕರ್ಣನ್'ನಲ್ಲಿ ಕತ್ತಿಯ ಕೈಗೆ ಸಿಗೋ ಮರ್ಯಾದೆ ಪುಸ್ತಕದ ಕೈಗೆ ಸಿಗಲ್ಲ. 'ಸೈರಾಟ್' (೨೦೧೬) ಮಾತ್ರ ಬೇರೆ. ಟ್ರ್ಯಾಕ್ಟರು ಓಡಿಸಿಕೊಂಡು ಬರುವ ಆರ್ಚಿಯೇ ಅದರ ಜೀವ. ಕೊನೆಗೆ ಚಹಾ ಕುಡಿಸಿದ ಬಂಧುಗಳೇ ಇಬ್ಬರನ್ನೂ ಕೊಲ್ತಾರೆ. ಪುಟ್ಟ ಮಗು ರಕ್ತದ ಹೆಜ್ಜೆ ಇಟ್ಟುಕೊಂಡು ಹೊರಗೆ ಬರ್ತದೆ. ಇಲ್ಲೂ ಸಾವಿದೆ. ಆದರೆ ಚೋಮನ ಸಾವು ಹಣೆಬರಹದ ಹಾಗೆ ಕಾಣ್ತದೆ, ಇಲ್ಲಿ ಕೊಂದವರ ಮುಖ ಕಾಣ್ತದೆ. ಇದನ್ನ ೨೦೧೭ರಲ್ಲಿ ಕನ್ನಡಕ್ಕೆ 'ಮನಸು ಮಲ್ಲಿಗೆ' ಅಂತ ತಂದರು. ಮಹಾರಾಷ್ಟ್ರದಿಂದ ಸಾಲ ತರಬೇಕಾಗಿತ್ತಾ? ಇಂಥ ಕೊಲೆಗಳಿಗೆ ನಮ್ಮ ಜಿಲ್ಲೆಗಳಲ್ಲಿ ಬರವಿತ್ತಾ?

ಕನ್ನಡದಲ್ಲಿ ಏನೂ ಇಲ್ಲ ಅಂದರೆ ಸುಳ್ಳಾಗ್ತದೆ. ಮಂಸೋರೆಯವರ '೧೯.೨೦.೨೧' (೨೦೨೩) ಪತ್ರಿಕೋದ್ಯಮ ಓದುವ ಆದಿವಾಸಿ ಹುಡುಗನನ್ನ ನಕ್ಸಲೈಟ್ ಅಂತ ಹಿಡಿದ ಕತೆ. ಹೆಸರೇ ಸಂವಿಧಾನದ ಮೂರು ವಿಧಿಗಳದ್ದು. ಹಾಸ್ಟೆಲ್ ಹುಡುಗನ ಟ್ರಂಕ್ ತೆಗೆದು ಪುಸ್ತಕ ಎಣಿಸೋರು ನಮಗೆ ಹೊಸಬರಲ್ಲ. ೨೦೨೫ರಲ್ಲಿ 'ಹೆಬ್ಬುಲಿ ಕಟ್' ಬಂತು. ರಾಯಚೂರು ಸೀಮೆಯ ಹುಡುಗನಿಗೆ ಸಿನೆಮಾ ಹೀರೊ ಥರ ಕೂದಲು ಬಿಡಿಸಿಕೊಳ್ಳೋ ಆಸೆ, ಕ್ಷೌರದಂಗಡಿಗೆ ಜಾತಿ ಅಡ್ಡ. ಹೀರೊನ ಕೂದಲು ನಮ್ಮ ತಲೆ ಮೇಲೆ ಬೇಕು ಅಂತ ಸಿನೆಮಾ ಆಸೆ ಹುಟ್ಟಿಸ್ತದೆ, ಕತ್ತರಿ ನಿನ್ನ ತಲೆಗೆ ಮುಟ್ಟಲ್ಲ ಅಂತ ಊರು ಹೇಳ್ತದೆ. ಇಷ್ಟು ಸಣ್ಣ ವಿಷಯದಲ್ಲಿ ಇಷ್ಟು ದೊಡ್ಡ ಗಾಯ ಇದೆ ಅಂತ ಕಂಡಿದ್ದೇ ಸಂತೋಷ. ಇಂಥವು ಬೆರಳೆಣಿಕೆ. ಬಂದಾಗ ಥಿಯೇಟರಿನಲ್ಲಿ ನಿಲ್ಲಲ್ಲ. ಯಾಕಂದರೆ ನಾವೇ ಹೋಗಿರಲ್ಲ.

ಇಲ್ಲಿ ನಮಗೆ ನಾವೇ ಹೇಳಿಕೊಳ್ಳಬೇಕಾದ ಮಾತಿದೆ. ೨೦೨೦ರಲ್ಲಿ 'ಮಹಾನಾಯಕ' ಧಾರಾವಾಹಿ ಕನ್ನಡಕ್ಕೆ ಡಬ್ ಆಗಿ ಬಂದಾಗ ನಮ್ಮ ಕೇರಿಕೇರಿಗಳಲ್ಲಿ ಫ್ಲೆಕ್ಸ್ ಎದ್ದವು. ಟಿ.ವಿ. ಧಾರಾವಾಹಿಗೆ ಊರು ತುಂಬ ಬ್ಯಾನರ್ ಕಟ್ಟಿದ್ದು ನಮ್ಮ ಜನ. ಬಾಬಾಸಾಹೇಬರ ಬಾಲ್ಯ ನೋಡಿ ಮುದುಕಿಯರು ಅತ್ತರು, ಮಕ್ಕಳು ಸ್ಲೇಟು ಹಿಡಿದರು. ಅಂದರೆ ನಮ್ಮ ಜನಕ್ಕೆ ತಮ್ಮ ಕತೆಯ ಹಸಿವು ಎಷ್ಟಿದೆ ಅಂತ ತಿಳೀತು. ಅದೇ ಹುಡುಗರು ಇನ್ಯಾರದೋ ಕಟೌಟಿಗೆ ಹಾಲು ಸುರೀತಾರೆ, ಹೀರೊಗಳ ಹೆಸರಲ್ಲಿ ಹಾಸ್ಟೆಲ್ಲಿನಲ್ಲಿ ತಲೆ ಒಡಕೊಳ್ತಾರೆ. ಮನೆಯಲ್ಲಿ ತಂಗಿಗೆ ಹಾಲಿಲ್ಲ, ಬೋರ್ಡಿಗೆ ಹಾಲು. ಇದು ನಿಲ್ಲಬೇಕು ಕಣ್ರೋ. ಸಿನೆಮಾ ನೋಡಿ, ಶಿಳ್ಳೆ ಹೊಡೀರಿ, ಹಾಡು ಹೇಳಿ. ಆದರೆ ಪೂಜೆ ಮಾಡಬೇಡಿ.

ಹಾಗಾದರೆ ಏನು ಮಾಡೋಣ? ತಿಂಗಳಿಗೊಂದು ಸಂಜೆ ಹಾಸ್ಟೆಲ್ಲಿನಲ್ಲಿ ಒಂದು ಸಿನೆಮಾ ಎಲ್ಲರೂ ಸೇರಿ ನೋಡೋಣ. 'ಚೋಮನ ದುಡಿ'ಯನ್ನೂ 'ಫ್ಯಾಂಡ್ರಿ'ಯನ್ನೂ ಒಂದರ ಹಿಂದೆ ಒಂದು ನೋಡೋಣ. ನೋಡಿದ ಮೇಲೆ ಎದ್ದು ಹೋಗೋದು ಬೇಡ, ಕೂತು ಮಾತಾಡೋಣ. ಹೆಣ್ಣುಮಕ್ಕಳ ಹಾಸ್ಟೆಲ್ಲಿನ ಅಕ್ಕ ತಂಗಿಯರ ಅಭಿಪ್ರಾಯ ಬೇರೆ ಇರ್ತದೆ, ಅದನ್ನ ಬರೆಸಿ ಈ ಪತ್ರಿಕೆಗೆ ಕಳಿಸಲು ಹೇಳೋಣ. ಹೀರೊ ಆಗೋ ಕನಸು ಎಲ್ಲರಿಗೂ ಇದೆ, ಒಳ್ಳೇದು. ಆದರೆ ಕತೆ ಬರೆಯೋರು, ಶಬ್ದ ಹಿಡಿಯೋರು, ಎಡಿಟಿಂಗ್ ಟೇಬಲ್ ಮುಂದೆ ಕೂರೋರು ಬೇಕು. ಕ್ಯಾಮೆರಾ ಯಾರ ಹಿಂದೆ ಹೋಗಬೇಕು ಅಂತ ತೀರ್ಮಾನ ಮಾಡೋರು ಅವರೇ. ಹೆಸರಘಟ್ಟದ ಸರ್ಕಾರಿ ಸಿನೆಮಾ ಕಾಲೇಜಿನಲ್ಲಿ, ಪುಣೆಯ ಸಂಸ್ಥೆಯಲ್ಲಿ ನಮ್ಮ ಪಾಲಿನ ಸೀಟುಗಳಿವೆ. ಬಿ.ಎ. ಮುಗಿಸಿ ಮುಂದೇನು ಅಂತ ಕೂತವರು ಅರ್ಜಿ ಹಾಕಿ. ಸೀಟು ಸಿಗೋ ತನಕ ಕೈಯಲ್ಲಿರೋ ಮೊಬೈಲಿನಲ್ಲೇ ಅವ್ವ ಬೀಡಿ ಕಟ್ಟೋದನ್ನ, ಅಪ್ಪ ತಮಟೆ ಕಾಯಿಸೋದನ್ನ, ಅಜ್ಜಿ ಹೇಳೋ ಕತೆಯನ್ನ ತೆಗೆದಿಡಿ. ರೋಸಿಯ ಚಿತ್ರ ಹೋದ ಹಾಗೆ ಇವು ಹೋಗಬಾರದು.

ನಮಗಾಗಿ ಅಳೋರು ಬಹಳ ಜನ ಆಗಿಹೋದರು. ಅವರಿಗೆ ನಮಸ್ಕಾರ. ಇನ್ನು ಮುಂದಿನ ಕನ್ನಡ ಸಿನೆಮಾದಲ್ಲಿ ಚೋಮನ ಮೊಮ್ಮಗಳು ಪಹಣಿ ಹಿಡಕೊಂಡು ತಾಲ್ಲೂಕು ಕಚೇರಿ ಮೆಟ್ಟಿಲು ಹತ್ತಬೇಕು. ಕ್ಯಾಮೆರಾ ಅವಳ ಹಿಂದೆ ಹೋಗಬೇಕು. ಅದನ್ನ ಹಿಡಿಯೋ ಹುಡುಗ ಅಥವಾ ಹುಡುಗಿ ಇದನ್ನ ಓದ್ತಾ ಇರೋ ನಿಮ್ಮಲ್ಲೇ ಯಾರೋ ಇದ್ದೀರಿ. ಬೇಗ ಬನ್ನಿ.